ಕಟ್ಟಿದವನು, ನೋಡಿದವನು

ಆ ಚಕ್ರ ನಿಲ್ಸಬ್ಯಾಡ ಜುಂಜಣ್ಣ, ತಿರುಗ್ತಿರ್ಲಿ. ನೀನು ಕೆಲಸ ಮಾಡ್ತಿದ್ರೆ ನಂಗೆ ಮಾತಾಡಾಕೆ ಸಲೀಸು. ಮುಖ ಎತ್ತಿ ನೋಡಿದ್ರೆ... ಬ್ಯಾಡ, ನೀನು ಕಡ್ಡಿ ಬಿಗಿ ಮಾಡ್ತಾ ಇರು.

ಯಾಕೆ, ನಗು ಬಂತಾ? ಮೀಸೆ ಅಡಿಗೆ ನಕ್ಕಿದ್ದು ಕಾಣಲ್ವಾ ನಂಗೆ! ನಗು, ನಗು. ಉಗುದ್ರೂ ಒರೆಸ್ಕಂತೀನಿ. ಮೂರು ವರ್ಷ ಆದ್ಮೇಲೆ ಈ ಮಹೇಶ್ವರಪ್ಪ ಜಗಳೂರಿಗೆ ಬಂದು, ನಿನ್ನ ಸೈಕಲ್ ಶಾಪಿನ ಬಾಗ್ಲಾಗೆ ನಿಂತು 'ಅಣ್ಣಾ, ಒಂದು ಮಾತೈತೆ' ಅಂದ್ರೆ ಯಾರಿಗಾದ್ರೂ ನಗು ಬರ್ತೈತೆ.

ಹೂಂ, ಹೊರಗೆ ಹೊಗೆ ಬಿಡ್ತಾ ನಿಂತೈತಲ್ಲ, ಅದು ನಮ್ದೇ ಬಸ್ಸು. ಹೊನ್ನಾಳಿ ಬೆನಕಪ್ಪ ಸಾವ್ಕಾರ್ರದ್ದು. ಯುದ್ಧ ಮುಗಿದು ವರ್ಷ ಆತು, ಇನ್ನೂ ಪೆಟ್ರೋಲಿಗೆ ಗತಿ ಇಲ್ಲ, ಇದ್ದಿಲು ಗ್ಯಾಸಿನಾಗೇ ಓಡಿಸ್ತೀವಿ. ಬೆಂಗಳೂರಾಗೆ ಏರೋಪ್ಲೇನು ರಿಪೇರಿ ಮಾಡಿದ ಕೈ ಅಂತ ನನ್ನ ಕರ್ದು ಮೇಸ್ತ್ರಿ ಮಾಡ್ಯಾರೆ... ಭೀಮಕ್ಕ ಅತ್ತಿಗೆ ಗಂಟು ಹಿಡ್ಕಂಡು ಬಸ್ಸು ಹತ್ತಿದ್ರಲ್ಲ, ತವರಿಗಾ? ಕೆರೆಬಿಳಚಿಗಾ? ನನ್ನ ನೋಡಿ ಸೆರಗು ಎಳ್ಕಂಡು ಹೋದ್ರು, ಮಾತಾಡ್ಲಿಲ್ಲ. ಮಾತಾಡ್ಸೋ ಮುಖ ನಂದಾದ್ರೂ ಎಲ್ಲೈತೆ, ಬಿಡು.

ಇನ್ನೊಬ್ಬ ಮೇಸ್ತ್ರಿ ಬೇಕು ಅಂತ ಸಾವ್ಕಾರ್ರು ಹೇಳಿ ಕಳ್ಸಿದಾಗ ನೀನು ಅರ್ಜಿ ಹಾಕಿದ್ದೆ. ಗೊತ್ತು ನಂಗೆ. ಕೆಲಸದಿಂದ ತೆಗ್ದಾಗ ನಿಂಗೆ ಕೊಟ್ಟ ಆ ಕಾಗದ, 'ನೋಡದೆ ಸಹಿ ಹಾಕಿದವನು' ಅಂತ ಕೆಂಪು ಶಾಯಿಯಾಗೆ ಬರ್ದಿರೋದು, ಅದನ್ನ ನನ್ನ ಮುಂದೇನೇ ಹಿಡಿದು 'ಇವನು ಎಂಥೋನು? ನಿನ್ನ ಜೊತೆಗಿದ್ನಂತೆ' ಅಂದ್ರು ಸಾವ್ಕಾರ್ರು. ನಾನು... ನಾನೇನಂದೆ ಅಂತ ಕೇಳಲ್ವಾ? ಕೇಳು ಮಾರಾಯಾ! ಏನೂ ಅನ್ಲಿಲ್ಲ. ಕೈ ಒರೆಸ್ಕಂತ ನಿಂತಿದ್ದೆ. ನಾನು ಸುಮ್ನಿದ್ದಿದ್ದಕ್ಕೆ ಅವ್ರು ಹೌದು ಅಂತ ತಿಳ್ಕಂಡ್ರು, ಕಾಗದ ಮಡಚಿ ಪಕ್ಕಕ್ಕಿಟ್ರು.

ಅವತ್ತಿಂದ ಅನ್ನ ಇಳೀತಿಲ್ಲ ಜುಂಜಣ್ಣ. ಅದಕ್ಕೇ ಬಂದೀನಿ. ಎಲ್ಲಾ ಬಾಯಿಬಿಟ್ಟು ಹೇಳ್ತೀನಿ. ನಿಂಗೆ ಗೊತ್ತಿರೋದೇ... ಗೊತ್ತಿದ್ರೂ ನಾನು ಹೇಳ್ಬೇಕು.

ಬೆಂಗಳೂರಾಗೆ ಇಬ್ರೂ ಏರೋಪ್ಲೇನು ಕೆಲಸದಾಗಿದ್ದಾಗ, ನಿಮ್ಮಪ್ಪ ತೀರ್ಕಂಡ್ರು ಅಂತ ಊರಿಂದ ತಾರು ಬಂತು. ನೀನು ರಜೆ ಕೇಳಾಕೆ ಹೋದೆ. ಬಿಳಿ ಸಾಹೇಬ ಗೋಡೆ ಮೇಲಿನ ಪಟ್ಟಿ ತೋರಿಸ್ದ. ಶನಿವಾರದೊಳಗೆ ಆರು ಏರೋಪ್ಲೇನು ಹಾರಬೇಕು, ರಜೆಗಿಜೆ ಇಲ್ಲ. ಆಗ 'ಹೋಗಿ ಮಣ್ಣು ಮಾಡಿ ಬಾ, ನಿನ್ನ ಹಾಜರಿ ಬಿಲ್ಲೆ ನಾನು ಹಾಕ್ತೀನಿ' ಅಂದಿದ್ದು ಯಾರು? ನಾನೇ. ಅದನ್ನ ಮಾತ್ರ ಒಳ್ಳೆ ಮನಸ್ಸಿಂದ ಅಂದಿದ್ದೆ ಕಣಣ್ಣಾ. ಅಷ್ಟಾದ್ರೂ ನಂಬು. ದಿನಾ ಬೆಳಿಗ್ಗೆ ಗೇಟಿನಾಗೆ ನನ್ನ ಹಿತ್ತಾಳೆ ಬಿಲ್ಲೆ ಹಲಗೆಗೆ ತಗಲಾಕಿ, ಪಕ್ಕದ ಮೊಳೆಗೆ ನಿಂದೂ ತಗಲಾಕ್ತಿದ್ದೆ. ಹನ್ನೊಂದು ದಿನ! ನೀನಿಲ್ಲಿ ತಲೆ ಬೋಳಿಸ್ಕಂಡು ತಿಥಿ ಮಾಡ್ತಿದ್ರೆ, ಅಲ್ಲಿ ಹಲಗೆ ಮೇಲೆ ನೀನು ಹಾಜರು.

ಏಳನೇ ದಿನವೋ ಎಂಟನೇದೋ. ಬಾಲದ ರೆಕ್ಕೆ ಎಳೆಯೋ ಉಕ್ಕಿನ ಹಗ್ಗ ಇರ್ತಿತ್ತಲ್ಲ, ಅದರ ತಿರುಪು ಸಡ್ಲಾಗದಂಗೆ ಸಣ್ಣ ತಂತಿ ಸುತ್ತಿ ಕಟ್ಟೋ ಕೆಲಸ. ನೀನೇ ಕಲಿಸಿದ್ದು. ಒಬ್ಬ ಕಟ್ಟೋದು, ಇನ್ನೊಬ್ಬ ನೋಡೋದು, ಚೀಟಿಗೆ ಇಬ್ರ ಸಹಿ. ಬರೇ ಕಣ್ಣಲ್ಲಿ ನೋಡಬ್ಯಾಡ, ಬೆರಳು ಹಾಕು ಅಂತ ನನ್ನ ಕೈ ಮೇಲೆ ಹೊಡೀತಿದ್ದೆ, ನೆಪ್ಪೈತಾ? ನೋಡಿ ಆದ್ಮೇಲೆ ಸೀಮೆಸುಣ್ಣದ ಗೆರೆ. ಈಗ್ಲೂ ಹಾಕ್ತೀಯಲ್ಲ, ಆ ಗೋಡೆಗೆ ಒರಗಿಸಿರೋ ಸೈಕಲ್ಲಿಗೆ... ಜಗಳೂರಾಗೆ ಇದನ್ನ ಯಾರು ಕೇಳ್ತಾರೆ ನಿನ್ನ! ಆದ್ರೂ ಹಾಕ್ತೀಯ.

ಅವತ್ತು ಸಾಹೇಬ ನನ್ನ ಬೆನ್ನಿಗೇ ನಿಂತಿದ್ದ. 'ಆಯ್ತಾ? ಆಯ್ತಾ?' ಅಂತ ಒಂದೇ ಸಮ. ಮೂರು ತಿರುಪು ಕಟ್ಟಿದ್ದೆ. ನಾಲ್ಕನೇದು... ಕಟ್ಟಿದ್ನೋ ಇಲ್ವೋ ದೇವ್ರಾಣೆ ಗೊತ್ತಿಲ್ಲ ಅಂತ ನಾನು...

ಹಂಗೆ ನೋಡಬ್ಯಾಡ.

ಗೊತ್ತಿತ್ತು. ಕಟ್ಟಿರ್ಲಿಲ್ಲ. ಊಟದ ಗಂಟೆ ಆದ್ಮೇಲೆ ಬಂದು ಕಟ್ಟಿದ್ರಾತು ಅಂತ ಚೀಟಿಗೆ ನನ್ನ ಸಹಿ ಹಾಕ್ದೆ. ನೋಡಿದೋನ ಸಹಿ ಬೇಕಲ್ಲ? ಬಿಲ್ಲೆ ಪ್ರಕಾರ ನೀನಿದ್ದೆ. ನಿನ್ನ ಸಹಿ ದಿನಾ ಪಕ್ಕದಾಗೇ ಕಂಡಿದ್ದೆ, ಕೈಗೆ ಬಂತು... ಹಾಕ್ಬಿಟ್ಟೆ. ಉಂಡು ಬರೋ ಹೊತ್ತಿಗೆ ಏರೋಪ್ಲೇನು ತಳ್ಳಿಕಂಡು ಹೋಗಿದ್ರು.

ಹೊಲದಾಗೆ ಬಿತ್ತಂತೆ. ಹಾರಿಸ್ತಿದ್ದೋನು ಉಳಕಂಡ, ಒಂದು ಕಾಲು ಹೋತು. ಅವನ ಹೆಸ್ರೂ ನಂಗೆ ಗೊತ್ತಿಲ್ಲ ಜುಂಜಣ್ಣ. ಕೇಳಾಕೆ ಧೈರ್ಯ ಬರ್ಲಿಲ್ಲ.

ನೀನು ಊರಿಂದ ಬಂದ ಮಾರನೇ ದಿನ ವಿಚಾರಣೆ. ನಾನು ಹೋಗಿ 'ಕಟ್ಟಿದ್ದೆ ಸಾರ್, ಸಡ್ಲ ಆಗಿದ್ರೆ ನೋಡಿದೋನು ಹೇಳ್ಬೇಕಿತ್ತು' ಅಂದೆ. ಈ ಬಾಯಾಗೇ ಅಂದೆ! ನಿಂಗೆ ಚೀಟಿ ತೋರಿಸಿ, ಸಹಿ ನಿಂದಾ ಅಂತ ಕೇಳಿದ್ರು. ನಾನು ಆವಾಗ ಊರಾಗಿದ್ದೆ ಅಂದಿದ್ರೆ ನೀನು ಉಳೀತಿದ್ದೆ. ಹಂಗಾದ್ರೆ ಬಿಲ್ಲೆ ಯಾರು ಹಾಕಿದ್ದು ಅನ್ನೋದು ಬರ್ತಿತ್ತು, ಯುದ್ಧದ ಕಾನೂನು, ನಾನು ಜೈಲು ಪಾಲು. ನೀನು ಒಂದ್ಸಲ ನನ್ನ ಕಡೆ ತಿರುಗಿ ನೋಡ್ದೆ. ಆಮೇಲೆ ಬಾಯಿ ಬಿಡ್ಲೇ ಇಲ್ಲ. ನಾನು ನೆಲ ನೋಡ್ದೆ. ನಿನ್ನ ಗೇಟಿಂದಾಚೆ ಹಾಕಿದ್ರು, ನಂಗೆ ಬರೇ ಎಚ್ಚರಿಕೆ.

ಇವತ್ತೂ ಹಂಗೇ ಸುಮ್ನಿದೀಯಲ್ಲೋ! ಬೈ ಒಂದ್ಸಲ. ಆ ನಟ್ಟು ತಿರುವೋ ಪಾನ ತಗಂಡು ತಲೆಗೆ ಹಾಕು. ನಾಚಿಕೆಯಿಂದ ಸಾಯ್ತಿದೀನಿ, ಏನಾದ್ರೂ ಅನ್ನು...

ಏ ಸಣ್ಣಪ್ಪಾ, ಹಾರನ್ನು ಹೊಡೀಬ್ಯಾಡೋ, ಬಂದೆ! ...ನಮ್ಮ ಡ್ರೈವರು. ಅವನಿಗೆ ಯಾವಾಗ್ಲೂ ಅವಸರ.

ಆದ್ರೆ ನಾನು ಬದಲಾಗೀನಿ ಅಣ್ಣಾ. ಅದನ್ನ ತೋರ್ಸಾಕೇ ಇದನ್ನ ತಂದಿದ್ದು. ತಗ, ಬಸ್ಸಿನ ಬುಕ್ಕು. ಬ್ರೇಕು, ಸ್ಟೇರಿಂಗು, ಚಕ್ರದ ನಟ್ಟು, ದಿನಾ ಹೊರಡೋಕ್ಮುಂಚೆ ನೋಡಿ ಸಹಿ ಹಾಕ್ಬೇಕು. ಸಾವ್ಕಾರ್ರಿಗೆ ಹೇಳಿ ನಾನೇ ಮಾಡ್ಸಿದ್ದು. ನಿನ್ನ ಪಾಠ ಅದು! ಅವತ್ತಿಂದ ಇವತ್ತಿನ ತನಕ ನೋಡದೆ ಒಂದು ಸಹಿ ಹಾಕಿಲ್ಲ ಈ ಕೈ. ಹೊನ್ನಾಳಿಗೆ ಹೋದ ತಕ್ಷಣ ಸಾವ್ಕಾರ್ರಿಗೆ ಎಲ್ಲಾ ಹೇಳ್ತೀನಿ, ತಪ್ಪು ನಂದು, ಜುಂಜಪ್ಪನ್ನ ಕರ್ಕಳ್ಳಿ ಅಂತೀನಿ. ಮತ್ತೆ ಇಬ್ರೂ ಒಂದು ಕಡೆ... ಒಬ್ಬ ಕಟ್ಟೋದು, ಒಬ್ಬ ನೋಡೋದು.

ತಿರುವು, ತಿರುವಿ ನೋಡು. ಸೋಮವಾರ ಐತಾ? ಮಂಗಳವಾರ? ಇವತ್ತು ಬುಧವಾರ, ಐತಾ? ಆತಲ್ಲ. ಇನ್ನು ಮುಂದಿನ ಹಾಳೆ ಯಾಕೆ, ಅದು ಖಾಲಿ...

ಜುಂಜಣ್ಣ.

ಚಕ್ರ ಯಾಕೆ ನಿಲ್ಸಿದೆ?

ಅದಾ... ಅದು ಗುರುವಾರದ್ದು. ಅದು ಶುಕ್ರವಾರ. ಹೂಂ... ಶನಿವಾರದ್ದೂ. ನನ್ನ ಸಹಿನೇ. ಕೇಳಿಲ್ಲಿ, ಟೈರು ತರಾಕೆ ಅಂತ ಸಾವ್ಕಾರ್ರು ನನ್ನ ದಾವಣಗೆರೆಗೆ ಕಳಿಸ್ತಿದಾರೆ, ಮೂರು ದಿನ ನಾನಿರಲ್ಲ. 'ನೀನಿಲ್ಲ ಅಂತ ಬಸ್ಸು ನಿಲ್ಸಾಕಾಗ್ತೈತಾ? ಮೂರು ದಿನದ ಸಹಿ ಈಗ್ಲೇ ಹಾಕಿ ಹೋಗು' ಅಂದ್ರು. ಎಲ್ಲಾ ಕಡೆ ಹಿಂಗೇ ಮಾಡ್ತಾರೆ ಕಣಣ್ಣಾ... ತಪ್ಪು ಅಂತ ಅನ್ನಿಸ್ಲೇ ಇಲ್ಲ ನಂಗೆ. ಬುಕ್ಕು ನಿನ್ನ ಕೈಗೆ ಕೊಡೋವಾಗ್ಲೂ ನೆಪ್ಪಾಗ್ಲಿಲ್ಲ. ಅಯ್ಯೋ, ನೆಪ್ಪೇ ಆಗ್ಲಿಲ್ಲ!

ಬೆರಳು ಯಾಕೆ ಹಿಂದಕ್ಕೆ ತಂದೆ? ಬುಧವಾರದ ಮೇಲೆ ಯಾಕಿಟ್ಟೆ? ಇವತ್ತು ನೋಡಿದ್ದೆ. ಬೆಳಿಗ್ಗೆ ಇದ್ದಿಲು ಹತ್ಲಿಲ್ಲ, ತಡ ಆಗಿತ್ತು, ಜನ ಕೂಗ್ತಿದ್ರು, ಸಾವ್ಕಾರ್ರು ಜಗುಲಿ ಮೇಲೆ ನಿಂತು 'ಆತೇನೋ' ಅಂತಿದ್ರು... ನೋಡಿದ್ದೆ... ಬ್ರೇಕು...

ಏನದು? ನಿನ್ನ ಕಿವಿ ಮೇಲಿನ ಪೆನ್ಸಿಲ್ಲು ನಂಗ್ಯಾಕೆ?

...

ಅತ್ತಿಗೆ ಬಸ್ಸಾಗೆ ಕುಂತಾರೆ.

ಕೊಡು. ಕೊಡಿಲ್ಲಿ, ಇದ್ದಿದ್ದು ಇದ್ದಂಗೆ ಬರೀತೀನಿ. ಸಣ್ಣಪ್ಪಾ! ಏ ಸಣ್ಣಪ್ಪಾ, ಬಸ್ಸು ತಗೀಬ್ಯಾಡ! ಬಸವಾಪಟ್ಟಣದ ಇಳುಕಲು ಇಳೀಬೇಕಲೇ ಅದು! ಜನಾನೆಲ್ಲಾ ಇಳಿಸು, ಅತ್ತಿಗೇರ್ನ ಮೊದ್ಲು ಇಳಿಸು... ಏನಾಗೈತೆ ಅಂದ್ರೆ? ಏನಾಗೈತೋ ನಂಗೇನು ಗೊತ್ತು! ನೋಡಿಲ್ಲ ಕಣೋ. ನಾನು ನೋಡಿಲ್ಲ!