ಚರ್ಚ್ ಹಿಂದಿನ ಹೊಲ

ಡೆನ್‌ಜಿಲ್ ಬೇಕೆಂದು ಕಿವಿಗೊಟ್ಟವನಲ್ಲ. ಅವನು ಪ್ಲಿಮತ್ ನಗರದ ಬಸ್ಸಿಗೆ ಕಾಯುತ್ತಿದ್ದ ಬೆಂಚಿನಲ್ಲೇ ಅಕ್ಕಪಕ್ಕದ ಮನೆಯ ಥೆಲ್ಮಾ, ಮೊರ್ವೆನ್ನಾ ಕೂತಿದ್ದರು.

“ಮೊಮ್ಮಗೂಗೆ ಕೇಸರಿ ಬನ್ನೇನೇ?” ಥೆಲ್ಮಾ ಕೇಳಿದಳು.

“ಹೂಂ. ಒಂದೂವರೆ ಗಂಟೆ ಬಸ್ಸಲ್ಲಿ ತಣ್ಣಗಾಗೋಗತ್ತೆ. ಚರ್ಚ್ ಹಿಂದಿನ ಹೊಲದಲ್ಲಿ ಮನೆ ಕಟ್ಟಿದ್ದಿದ್ರೆ ಮಗಳು ಇಲ್ಲೇ ಇರ್ತಿದ್ಲು.”

“ಕಟ್ಟೋರು ಬಂದಿದ್ರಲ್ಲೇ. ನಿಮ್ಮನೇಲಿ ಯಾರಿಗಾದ್ರೂ ಮನೆ ಬೇಕಾ ಅಂತ ಪಂಚಾಯ್ತಿಯೋರು ಫಾರಂ ಹಂಚಿದ್ರು. ಊರಿಗೇ ಬೇಡ ಅಂತಾಯ್ತು, ಅವರು ವಾಪಸ್ ಹೋದ್ರು.”

“ನೀನೇನು ಬರೆದೆ?”

“ಬೇಡ ಅಂತ.”

“ಅಯ್ಯೋ, ನಿನ್ನ ಮಗ ಆಗ ಗ್ಯಾರೇಜಲ್ಲಿ ಮಲಗ್ತಿದ್ನಲ್ಲೇ!”

“ಬೇಕು ಅಂದ್ರೆ ಹೊಲ ಹಾಳುಮಾಡಿದೋಳು ಅಂತಾರಲ್ಲ. ಹೆಂಗೂ ನೀನು ಬರೀತೀಯ ಅಂದ್ಕೊಂಡೆ. ಬರೆದೆ ತಾನೆ?”

ಮೊರ್ವೆನ್ನಾ ಬನ್ನಿನ ಪೊಟ್ಟಣವನ್ನು ಶಾಲಿನೊಳಗೆ ಸೇರಿಸಿಕೊಂಡಳು. “ನೀನು ಬರೀತೀಯ ಅಂತ ನಾನೂ ಸುಮ್ಮನಾದೆ ಕಣೆ.”

ಬಸ್ಸು ಬಂತು. ಇಬ್ಬರೂ ಹತ್ತಿದರು.

ಪಂಚಾಯ್ತಿಯ ಪರವಾಗಿ ಆ ಫಾರಂಗಳನ್ನು ಎಣಿಸಿದವನು ಡೆನ್‌ಜಿಲ್. ಮುನ್ನೂರರಲ್ಲಿ ಬೇಕು ಅಂದಿದ್ದವು ಎರಡೇ. ಆ ಎರಡರಲ್ಲಿ ಅವನದೂ ಇರಲಿಲ್ಲ. ಪ್ಲಿಮತ್‌ನಲ್ಲಿರುವ ಮಗನಿಗೆಂದು ತಂದಿದ್ದ ಚೀಲವನ್ನು ಎತ್ತಿಕೊಂಡು, ಅವರ ಹಿಂದೆಯೇ ಬಸ್ಸು ಹತ್ತಿದ.