ಎಷ್ಟು ನಂಬಿದೆ?

"ಹಲೋ... ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಮಿಷನ್ ಸದ್ದಲ್ಲಿ ಕೇಳಿಸ್ತಿಲ್ಲ."

...

"ಓ, ನೀನಾ ಗುಬ್ಬಿ. ಅದೇನು ಕಳ್ಳಿ ಥರ ಪಿಸುಪಿಸು? ಬೇಗ ಹೇಳು ಕಣೇ, ಮಧ್ಯಾಹ್ನದೊಳಗೆ ಈ ಕೋಟಿಗೆ ತೋಳು ಹಚ್ಚಿ ಕೊಡ್ಬೇಕು."

ಅಕ್ಕ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೊಲಿಗೆ ಮುಂದುವರಿಸಿದಳು. ತಂಗಿ ಸಸ್ಪೆನ್ಸ್ ಕಾದಂಬರಿ ಬರೆದು ಹೆಸರು ಮಾಡಿದವಳು. ಎಲ್ಲಾ ನಂಬಿಸಿ ಕತ್ತು ಕೊಯ್ಯುವವರದೇ ಕಥೆ. ಬರೆಯುವ ಮೊದಲು ಸುಳ್ಳನ್ನು ಮನೆಯವರ ಮೇಲೆ ಪ್ರಯೋಗಿಸಿ ನೋಡುವ ಚಾಳಿ ಅವಳಿಗೆ. ಹಿಂದೊಮ್ಮೆ ಯಾರೋ ಕೂಡಿಹಾಕಿದ್ದಾರೆ ಎಂದು ಫೋನಿನಲ್ಲಿ ಅತ್ತಿದ್ದಳು. ಅಕ್ಕ ಅಂಗಡಿ ಬಾಗಿಲು ಕೂಡ ಹಾಕದೆ ಓಡಿದರೆ, ಹೊಸಿಲಲ್ಲಿ ನಿಂತು "ಎಷ್ಟು ನಂಬಿದೆ?" ಎಂದು ನಕ್ಕಿದ್ದಳು. ಆ ಸಿಟ್ಟು ಅಕ್ಕನಿಗೆ ಇನ್ನೂ ಆರಿಲ್ಲ.

...

"ಬೆಳಿಗ್ಗೆ ನಿಮ್ಮನೆಯವರಿಗೆ ಏನಂದೆ?... ಅವರ ಮೊದಲನೇ ಹೆಂಡತಿ ಮೆಟ್ಟಿಲಿಂದ ಬಿದ್ದಾಗ ಪಕ್ಕದ ಮನೆ ಅಜ್ಜಿ ಕಿಟಕೀಲಿ ನೋಡ್ತಿದ್ರಂತೆ ಅಂದ್ಯಾ? ಥೂ, ಗಂಡನ ಮೇಲೆ ಪರೀಕ್ಷೆ ಮಾಡೋಕೆ ಬೇರೆ ಸುಳ್ಳು ಸಿಗ್ಲಿಲ್ವಾ? ಸತ್ತವಳನ್ನಾದ್ರೂ ಬಿಡಬಾರದಾ?"

...

"ನಗಲಿಲ್ವಾ?... ಎದ್ದು ಹೋಗಿ ಮುಂಬಾಗಿಲಿಗೆ ಬೀಗ ಹಾಕಿದ್ರಾ? ಹಾಂ, ಇದು ಚೆನ್ನಾಗಿದೆ. ಕೂಗಾಡಿದ ಅಂತ ಬರೆದಿದ್ರೆ ಸಪ್ಪೆ ಆಗ್ತಿತ್ತು. ಕತ್ತಲಲ್ಲಿ ಎಸೆದ ಕಲ್ಲು ಸರಿಯಾಗೇ ತಾಗಿದೆ, ಅಲ್ವಾ? ಮುಂದೆ?"

...

"ಮಹಡಿ ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದೀಯ. ಅವರು ಹೊರಗಿಂದ ಮೆಲ್ಲಗೆ ತಟ್ತಿದ್ದಾರೆ. ಸರಿ... ಅಲ್ಲ ಕಣೇ, ನಿನ್ನ ನಾಯಕಿ ಪೊಲೀಸರಿಗೆ ಯಾಕೆ ಫೋನ್ ಮಾಡಲ್ಲ? ಓದೋರು ಮೊದಲು ಅದನ್ನೇ ಕೇಳ್ತಾರೆ."

...

"ಮಾಡಿದ್ಯಾ? ಮತ್ತೆ ಕಥೆನಾ ಮೇಡಂ ಅಂದ್ರಾ?" ಅಕ್ಕನಿಗೆ ನಗು ಬಂತು. "ತೋಳ ಬಂತು ತೋಳ ಅಂದವರ ಪಾಡು ಇದೇ ಕಣೇ."

...

"ಅಳಬೇಡ. ಅಳೋದು ನಿಂಗೆ ಚೆನ್ನಾಗಿ ಬರುತ್ತೆ ಅಂತ ಗೊತ್ತು... ಅಮ್ಮನಾಣೆನಾ? ಹೋದ ಸಲಾನೂ ಅಮ್ಮನ ಆಣೇನೇ ಇಟ್ಟಿದ್ದೆ."

...

"ನನ್ನ ಕೇಳಿದ್ರೆ ಅವಳು ಬಾಗಿಲು ತೆಗೀಬೇಕು. ತೆಗೆದು, ಸುಮ್ನೆ ಕಥೆಗೆ ಅಂದೆ ಕಣ್ರೀ ಅಂತ ನಕ್ಕುಬಿಡಬೇಕು. ಕಟ್ಟಿಕೊಂಡ ಗಂಡ, ತಿಂದುಬಿಡ್ತಾನಾ?... ಹೌದು, ತೆಗಿ. ಫೋನ್ ಇಡಬೇಡ, ನಾನಿರ್ತೀನಿ."

ಚಿಲಕ ಸರಿದ ಸದ್ದು ಫೋನಿನಲ್ಲಿ ಕೇಳಿತು. ಈಗ ಆ ನಗು ಬರುತ್ತದೆ ಎಂದು ಅಕ್ಕ ಕಾದಳು. ಬರಲಿಲ್ಲ. ಮಿಷನ್ ತುಳಿಯುತ್ತಿದ್ದ ಕಾಲು ತಾನಾಗಿ ನಿಂತುಹೋಯಿತು.

"ಗುಬ್ಬಿ?... ಸಾಕು ಕಣೇ, ನಂಬಿದೆ. ಪೂರ್ತಿ ನಂಬಿದೆ. ಈಗ ನಗು... ನಗೇ..."

...

"ಹಾಂ... ನೀವಾ? ಅವಳಿಗೆ ಕೊಡಿ ಫೋನು... ಇಲ್ಲಪ್ಪ, ನಾನೇನೂ ನಂಬ್ಲಿಲ್ಲ. ಅವಳ ಕಥೆ ನಿಮಗೆ ಗೊತ್ತಲ್ಲ... ಪಕ್ಕದ ಮನೆ ಅಜ್ಜಿ ಏನೂ ನೋಡಿಲ್ಲ ರೀ, ಇವಳೇ ಹುಟ್ಟಿಸಿದ್ದು. ನಿಜವಾಗ್ಲೂ... ಒಂದೇ ಒಂದು ಮಾತು, ಅವಳ ಕೈಗೆ ಕೊಡಿ..."

...

"ತಲೆ ಸುತ್ತು ಅಂತಾಳಾ?... ಕೈ ಹಿಡಿದು ಕೆಳಗೆ ಕರ್ಕೊಂಡು ಬರ್ತೀರಾ?... ಬೇಡ. ಬೇಡ ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೇ ಕೂರಿಸಿ. ನಾನು ಹೊರಟೆ, ಬಂದೇಬಿಟ್ಟೆ. ಮೆಟ್ಟಿಲ ಹತ್ರ ಮಾತ್ರ ಬೇಡ... ಹಲೋ?... ಹಲೋ..."

ಲೈನ್ ಕಟ್ಟಾಗಿತ್ತು. ಈ ಸಲವೂ ಅಕ್ಕ ಅಂಗಡಿ ಬಾಗಿಲು ಹಾಕದೆ ಓಡಿದಳು. ತಂಗಿ ಹೊಸಿಲಲ್ಲಿ ನಿಂತಿರಲಿ, ಎಷ್ಟು ನಂಬಿದೆ ಎಂದು ಕೇಳಿ ನಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.