ತಂಗಿ ನೋಡದೆ ಬಿಟ್ಟ ಕೊನೆ

ಮಧ್ಯಾಹ್ನದ ಸಿನಿಮಾ ಆಟ ಬಿಟ್ಟಿತ್ತು. ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿ ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತಲೇ ಇದ್ದಳು.

“ಕೊನೇಲಿ ಏನಾಯ್ತಕ್ಕ? ನಾನು ಎದ್ದು ಹೋದಾಗ ಪೊಲೀಸ್ರು ಬಾಗಿಲು ಬಡೀತಿದ್ರು.”

“ಸರ್ಕಾರದ ಪರ್ಮಿಟ್ ಇಲ್ದೆ ಬಸುರಿಯಾದ್ರೆ ಬಡೀದೇ ಇರ್ತಾರಾ? ಅದಿರ್ಲಿ, ನೀನ್ಯಾಕೆ ಎದ್ದು ಹೋದೆ?”

“ವಾಂತಿ ಬಂದಂಗಾಯ್ತು.”

“ಮೊನ್ನೆ ಅಮ್ಮನ ಮನೇಲೂ ಹಂಗೇ ಆಗಿತ್ತು.”

ತಂಗಿ ಬಸ್ಸು ಬರುವ ದಾರಿ ನೋಡಿದಳು.

“ಎಷ್ಟು ತಿಂಗಳೇ?”

“ಎರಡು. ಯಾರಿಗೂ ಹೇಳ್ಬೇಡ.”

“ನಿನ್ ಗಂಡಂಗೂ ಹೇಳಿಲ್ವಾ?”

“ಹೇಳಿದ್ರೆ ಸಂಜೆಯೊಳಗೆ ಮನೆಮಂದಿಯೆಲ್ಲ ಕೂತು ತೀರ್ಮಾನ ಮಾಡ್ತಾರೆ. ಹೋದ್ಸಲ ಈಗ್ಲೇ ಬೇಡ ಅಂತ ಅವ್ರೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ವಾ? ಆ ಸಿನಿಮಾದವಳಿಗೆ ಇದ್ದಿದ್ದು ಒಂದೇ ಸರ್ಕಾರ. ನಮ್ಮನೇಲಿ ತಲೆಗೊಂದು.”

ಬಸ್ಸು ಬಂತು.

“ಹೇಳಕ್ಕ, ಅವಳು ಸಿಕ್ಕಿಬಿದ್ಲಾ?”

“ಇಲ್ಲ ಕಣೆ. ಹಿಂಬಾಗಿಲಿಂದ ತಪ್ಪಿಸ್ಕೊಂಡು ಸೀದಾ ಅಕ್ಕನ ಮನೆಗೆ ಹೋದ್ಲು. ಹತ್ತು, ನೀನೂ ನಮ್ಮನೆಗೇ ಬಾ.”

ತಂಗಿಯ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡು ಅಕ್ಕ ಹಿಂದೆಯೇ ಹತ್ತಿದಳು. ಬಸ್ಸು ಹೊರಟಿತು.

ಅದೇ ಆಟ ನಾನೂ ನೋಡಿದ್ದೆ. ಆ ಮನೆಗೆ ಹಿಂಬಾಗಿಲಿರಲಿಲ್ಲ. ಅವಳಿಗೆ ಅಕ್ಕನೂ ಇರಲಿಲ್ಲ.